ಲಗ್ನಕ್ಕೆ ಮೊದಲು ರಕ್ತದ ಮಾತು

ಕಲ್ಲೂರು

ತಮ್ಮಾ,

ಅಕ್ಕನ ಮಗಳನ್ನೇ ತಂದುಕೊಳ್ಳುವ ಮಾತು ಮನೆಯಲ್ಲಿ ನಡೆದಿದೆ, ಯಾರೋ ರಕ್ತದ ರೋಗದ ಕಥೆ ಹೇಳಿ ಹೆದರಿಸಿದ್ದಾರೆ ಎಂದು ಬರೆದಿದ್ದೀ. ನಾನೂ ಅಕ್ಕನ ಮಗಳನ್ನೇ ಮಾಡಿಕೊಂಡವನು. ಸೋದರಿಕೆಯನ್ನು ಹಳಿಯಲು ಕೂತಿಲ್ಲ. ಆದರೆ 'ಕಾಕಾ, ನಿಮ್ಮ ಮಕ್ಕಳಿಗೆ ಏನಾಗ್ಯಾದ?' ಎಂದು ನನ್ನನ್ನೇ ಸಾಕ್ಷಿಗೆ ಎಳೆಯಬೇಡ. ಏನೂ ಆಗಲಿಲ್ಲ, ಖರೆ. ನಾವು ಯಾರೂ ಪರೀಕ್ಷೆ ಮಾಡಿಸಿರಲಿಲ್ಲ, ಅದೂ ಖರೆ.

ನೀನು ಕೇಳಿದ ರೋಗ ಸಿಕಲ್ ಸೆಲ್. ಸಿಕಲ್ ಅಂದರೆ ಜೋಳ ಕೊಯ್ಯುವ ನಮ್ಮ ಕುಡುಗೋಲೇ. ದುಂಡಗೆ, ಮೆತ್ತಗೆ ಇರಬೇಕಾದ ಕೆಂಪು ರಕ್ತಕಣ ಇದರಲ್ಲಿ ಬಾಗಿ ಬಿರುಸಾಗಿ, ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. 120 ದಿನ ಬಾಳಬೇಕಾದ ಕಣ 10–20 ದಿನಕ್ಕೇ ಒಡೆಯುತ್ತದೆ. ಕೂಸಿಗೆ ಮೊದಲ ಐದಾರು ತಿಂಗಳು ಏನೂ ಗೊತ್ತಾಗದು. ಹೊಟ್ಟೆಯಲ್ಲಿದ್ದಾಗಿನ ಹಿಮೋಗ್ಲೋಬಿನ್ ಅಷ್ಟು ದಿನ ಕಾಯುತ್ತದೆ. ಆಮೇಲೆ ಒಂದು ದಿನ ಕೈಬೆರಳು, ಪಾದ ಊದಿಕೊಂಡು, ಮುಟ್ಟಗೊಡದೆ ಚೀರುತ್ತದೆ. ಮನೆಯವರು ದೃಷ್ಟಿ ತೆಗೆಯುತ್ತಾರೆ.

ಈ ರೋಗ ಬರುವ ಬಗೆ ಹೇಳುತ್ತೇನೆ. ಚೌಕಾಬಾರ ಆಡಿದ್ದೀಯಲ್ಲ? ಎರಡೇ ಕವಡೆ ತೆಗೆದುಕೋ, ಒಂದು ಅಪ್ಪನದು, ಒಂದು ಅವ್ವನದು. ಕವಡೆ ಅಂಗಾತ ಬಿದ್ದರೆ ದೋಷದ ಜೀನ್ ಬಂತು ಅಂತ. ಗಂಡ-ಹೆಂಡತಿ ಇಬ್ಬರೂ ಒಂದೊಂದು ದೋಷದ ಜೀನ್ ಹೊತ್ತ ವಾಹಕರಾಗಿದ್ದರೆ, ಎರಡೂ ಕವಡೆ ಅಂಗಾತ ಬೀಳುವುದು ನಾಲ್ಕರಲ್ಲಿ ಒಂದು ಪಾಲು. ಆ ಮಗುವಿಗೆ ರೋಗ. ಒಂದೇ ಅಂಗಾತವಾದರೆ ಮಗು ಬರೀ ವಾಹಕ, ಅಪ್ಪ-ಅವ್ವನ ಹಾಗೆಯೇ ಗಟ್ಟಿಮುಟ್ಟು. ಅದು ಎರಡು ಪಾಲು. ಎರಡೂ ಬೋರಲಾದರೆ ಚಿಂತೆಯೇ ಇಲ್ಲ. ಪ್ರತಿ ಬಸಿರಿಗೂ ಹೊಸ ಆಟ. ಮೊದಲ ಮಗುವಿಗೆ ಬಂದಾಯ್ತು, ಇನ್ನು ಮೂವರು ಪಾರು ಎನ್ನುವ ಲೆಕ್ಕವನ್ನು ಕವಡೆ ಇಟ್ಟುಕೊಳ್ಳುವುದಿಲ್ಲ. ಸೊಸೆಯೊಬ್ಬಳನ್ನೇ ಬೈಯುವ ಅತ್ತೆಯರೂ ಕೇಳಲಿ: ಒಂದೇ ಕವಡೆಯಿಂದ ಈ ರೋಗ ಬರುವುದಿಲ್ಲ.

ಈಗ ನಿನ್ನ ಸಂಗತಿ. ನೀನು ವಾಹಕನೆಂದಿಟ್ಟುಕೋ. ಅದು ನಿನ್ನ ಅಪ್ಪನಿಂದಲೋ ಅವ್ವನಿಂದಲೋ ಬಂದದ್ದು. ನಿನ್ನ ಅಕ್ಕನಿಗೂ ಬಂದಿರುವ ಸಂಭವ ಅರ್ಧ, ಅವಳ ಮಗಳಿಗೆ ಕಾಲು. ಹೊರಗಿನ ಹುಡುಗಿಯಾದರೆ ಈ ಕಾಲು ಎಷ್ಟೋ ಕೆಳಗಿಳಿಯುತ್ತದೆ. ಸೋದರಿಕೆ ರೋಗವನ್ನು ಹುಟ್ಟಿಸುವುದಿಲ್ಲ. ಮನೆಯಲ್ಲಿ ಅಡಗಿದ್ದನ್ನು ಒಂದುಗೂಡಿಸುತ್ತದೆ, ಅಷ್ಟೆ.

ಸಿಕಲ್ ಸೆಲ್ ಆಫ್ರಿಕಾದವರ ರೋಗ ಎಂದು ನಂಬಿದ್ದ ಕಾಲವಿತ್ತು. 1952ರಲ್ಲಿ ನೀಲಗಿರಿಯ ಆದಿವಾಸಿಗಳಲ್ಲಿ ಕಂಡಿತು. ನಮ್ಮ ರಾಜ್ಯದಲ್ಲಿ ಮೈಸೂರು, ಚಾಮರಾಜನಗರ, ಕೊಡಗಿನ ಜೇನುಕುರುಬರು, ಸೋಲಿಗರು, ಯರವರಲ್ಲಿ ಇದೆ. ಕಾರಣ ಜಾತಿಯಲ್ಲ, ಮಲೇರಿಯಾ. ದೋಷದ ಜೀನ್ ಒಂದೇ ಇದ್ದವರನ್ನು ಕಡು ಮಲೇರಿಯಾ ಅಷ್ಟು ಸುಲಭಕ್ಕೆ ಕೊಲ್ಲುತ್ತಿರಲಿಲ್ಲ. ಕಾಡಿನಂಚಿನಲ್ಲಿ ಅವರು ಉಳಿದರು, ಜೀನೂ ಉಳಿಯಿತು. 2023ರ ಜುಲೈ 1ರಂದು ಕೇಂದ್ರ ಸರ್ಕಾರ ಶುರುಮಾಡಿದ ಅಭಿಯಾನ 7 ಕೋಟಿ ಜನರ ತಪಾಸಣೆಗೆ, 2047ರೊಳಗೆ ರೋಗ ತೊಲಗಿಸುವುದಕ್ಕೆ ಗುರಿ ಇಟ್ಟಿದೆ.

ಹಾಗಾದರೆ ರಾಯಚೂರು ಕಡೆಯ ನಮಗೆ ಪರೀಕ್ಷೆ ಏಕೆ ಎನ್ನಬೇಡ. ಥಲಸ್ಸೇಮಿಯಾ ಎಂಬ ಇನ್ನೊಂದು ರಕ್ತದ ರೋಗವಿದೆ, ಅದರದೂ ಇದೇ ಕವಡೆಯಾಟ, ಅದು ಹಲವು ಕುಲಗಳಲ್ಲಿ ಸಿಗುತ್ತದೆ. ಒಬ್ಬರಲ್ಲಿ ಅದು, ಇನ್ನೊಬ್ಬರಲ್ಲಿ ಸಿಕಲ್ ಇದ್ದರೂ ಮಗುವಿಗೆ ರೋಗ ಬರಬಹುದು.

'ರಕ್ತ ಕಡಿಮಿ ಇಲ್ಲ' ಎಂಬ ಚೀಟಿ ತಂದು ತೋರಿಸಬೇಡ. ವಾಹಕನಿಗೂ ರಕ್ತ ಸಾಕಷ್ಟು ಇರಬಹುದು. ಹಿಮೋಗ್ಲೋಬಿನ್ನಿನ ಬಗೆ ನೋಡಲು ಎಚ್‌ಪಿಎಲ್‌ಸಿ ಪರೀಕ್ಷೆ ಎಂದು ಹೆಸರು ಹಿಡಿದೇ ಕೇಳು. ರಾಯಚೂರಿನ ದೊಡ್ಡ ಆಸ್ಪತ್ರೆಯಲ್ಲಿ ವಿಚಾರಿಸು. ಇನ್ನೊಂದು ಮಾತು: ಮೊದಲು ನಿನ್ನದು ಮಾಡಿಸು, ಹುಡುಗಿಯದಲ್ಲ. ನಿನ್ನದು ಸಾಫಾಗಿದ್ದರೆ ಈ ರೋಗಗಳ ಚಿಂತೆಗೆ ಅವಳ ತೋಳಿಗೆ ಸೂಜಿ ಚುಚ್ಚಿಸುವುದೇ ಬೇಡ, ಊರಿನ ಬಾಯಿಗೂ ಅವಳು ಬೀಳುವುದಿಲ್ಲ. ಉಪವಾಸ ಇರಬೇಕಿಲ್ಲ, ರೊಟ್ಟಿ ತಿಂದೇ ಬಸ್ ಹತ್ತು.

ನಿನ್ನ ಕಾಕಾ