ಕೂಡಲಸಂಗಮಕ್ಕೆ ಹೋಗೋಣ

ಶ್ರಾವಣ ಸೋಮವಾರ. ಹುನಗುಂದದ ಬಸ್ ನಿಲ್ದಾಣದಲ್ಲಿ ಅತ್ತೆ, ಸೊಸೆ ನಿಂತಿದ್ದರು. ಬಸ್ ಬಂತು.

"ಅತ್ತೀ, ಬೋರ್ಡ್ ನೀವ ಓದ್ರಿ."

"ಕೂ... ಡ... ಲ... ಸಂಗಮ. ನಮ್ಮ ಬಸ್ಸ ಐತಿ. ಹತ್ತ ಯವ್ವಾ!"

ಹೋದ ವರ್ಷ ಅತ್ತೆ ಯಾರದೋ ಮಾತು ಕೇಳಿ ಇಳಕಲ್ ಬಸ್ ಹತ್ತಿದ್ದರು. ಹಣವೂ ಹೋಯಿತು, ದಿನವೂ ಹೋಯಿತು.

ಕೂಡಲಸಂಗಮದಲ್ಲಿ ಮಲಪ್ರಭೆ ಬಂದು ಕೃಷ್ಣೆಯನ್ನು ಕೂಡುತ್ತಾಳೆ. ದಂಡೆಯ ಮೇಲೆ ಸಂಗಮನಾಥನ ಕಲ್ಲಿನ ಗುಡಿ ಇದೆ. 12ನೇ ಶತಮಾನದಲ್ಲಿ ಬಸವಣ್ಣನವರು ಕಲಿತದ್ದು ಇಲ್ಲಿ. ಕಲ್ಯಾಣದಿಂದ ಮರಳಿ ಬಂದು ಐಕ್ಯರಾದದ್ದೂ ಇಲ್ಲಿಯೇ.

ಮುಂದೆ ನಾರಾಯಣಪುರದಲ್ಲಿ ಅಣೆಕಟ್ಟು ಕಟ್ಟಿದರು. ಹಿನ್ನೀರು ಇಲ್ಲಿಯತನಕ ಬಂತು. ಐಕ್ಯಮಂಟಪ ಮುಳುಗಬಾರದು ಎಂದು ಸುತ್ತ ಬಾವಿಯಂತೆ ಗೋಡೆ ಎಬ್ಬಿಸಿದರು. ಈಗ ಮೆಟ್ಟಿಲು ಇಳಿದು ಹೋಗಬೇಕು. ಗೋಡೆಯ ಹೊರಗೆ ನೀರು, ಒಳಗೆ ಲಿಂಗ.

"ನೀಲಮ್ಮನ ಗುಡಿ ಎಲ್ಲೈತಿ?"

"ಹೊಳಿ ಆಚೆ, ತಂಗಡಗಿಯೊಳಗ ಐತ್ರಿ."

ನೀಲಮ್ಮ ಬಸವಣ್ಣನವರ ಹೆಂಡತಿ. ಗಂಡನ ಕರೆ ಬಂತೆಂದು ಹೊರಟಳು. ತಂಗಡಗಿಗೆ ಬಂದಾಗ ಬಸವಣ್ಣನವರು ಐಕ್ಯರಾದ ಸುದ್ದಿ ತಿಳಿಯಿತು. ಆಕೆಯೂ ಅಲ್ಲಿಯೇ ಐಕ್ಯಳಾದಳು ಎಂದು ಜನ ಹೇಳುತ್ತಾರೆ.

"ಅಷ್ಟ ದೂರ ಬಂದು, ಒಂದ ಹೊಳಿ ದಾಟೂದ ಉಳೀತ ನೋಡ" ಅಂದರು ಅತ್ತೆ.

ಆಲಮಟ್ಟಿಯಿಂದ ನೀರು ಬಿಟ್ಟರೆ ಇಲ್ಲಿ ಹೊಳೆ ಏರುತ್ತದೆ. ಅಂದೂ ಏರಿತ್ತು. ಒಬ್ಬಾಕೆ ಸೀರೆ ಎತ್ತಿ ಕಟ್ಟಿ ನೀರಿಗೆ ಇಳಿಯುತ್ತಿದ್ದಳು. ಪಕ್ಕದಲ್ಲಿ ಬೋರ್ಡ್ ಇತ್ತು. ಅತ್ತೆ ಅಕ್ಷರ ಕೂಡಿಸಿದರು. "ನೀರು ಆಳ... ಇದೆ. ಇಳಿಯ... ಬೇಡಿ."

"ಏ ತಂಗೀ, ನಿಂದ್ರ! ಬೋರ್ಡ್ ಓದಲಿಲ್ಲೇನ?"

"ನನಗ ಓದಾಕ ಬರೂದಿಲ್ರೀ ಯವ್ವಾ."

"ನೀರ ಆಳ ಐತಂತ. ಮ್ಯಾಲ ಬಾ. ತಗೋ ಚರಿಗಿ, ಇಲ್ಲೇ ಕುಂತು ಮೈಮ್ಯಾಲ ಹಾಕ್ಕೋ."