ಸಣ್ಣ ದೋಣಿಗೆ ಕೈ ವೈರ್‌ಲೆಸ್: ಕೊಳ್ಳುವ ಮೊದಲು ತಿಳಿಯಬೇಕಾದ ಕಾನೂನು

ಭಾರತದಲ್ಲಿ ರೇಡಿಯೊ ಅಲೆಗಳ ಮೂಲಕ ಮಾತನ್ನು ಕಳುಹಿಸಬಲ್ಲ ಉಪಕರಣವನ್ನು ಬೆಲೆ ಕೊಟ್ಟು ಕೊಂಡ ಮಾತ್ರಕ್ಕೆ ಅದನ್ನು ಇಟ್ಟುಕೊಳ್ಳುವ ಹಕ್ಕು ಕೊಂಡವರಿಗೆ ಬರುವುದಿಲ್ಲ. 1933ರ ಭಾರತೀಯ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯ 3ನೇ ಕಲಮು ಪರವಾನಗಿಯಿಲ್ಲದೆ ಇಂಥ ಉಪಕರಣವನ್ನು ಹೊಂದಿರುವುದನ್ನೇ ನಿಷೇಧಿಸಿತು. ಉಪಕರಣವು ಮಾತನ್ನು ಹೊರಗೆ ಕಳುಹಿಸುವ ಪ್ರೇಷಕವಾಗಿದ್ದರೆ ಅದೇ ಕಾಯ್ದೆ 3 ವರ್ಷಗಳವರೆಗಿನ ಸೆರೆವಾಸಕ್ಕೂ ಅವಕಾಶ ಕಲ್ಪಿಸಿತು. ಅದರ ಸ್ಥಾನಕ್ಕೆಂದು ರೂಪುಗೊಂಡು ಹಂತಹಂತವಾಗಿ ಜಾರಿಗೆ ಬರುತ್ತಿರುವ 2023ರ ದೂರಸಂಪರ್ಕ ಕಾಯ್ದೆಯೂ, ರೇಡಿಯೊ ಉಪಕರಣ ಹೊಂದಲು ಸರ್ಕಾರದ ಅಧಿಕಾರಪತ್ರ ಅಥವಾ ವಿನಾಯಿತಿ ಇರಲೇಬೇಕೆಂಬ ತತ್ವವನ್ನು ಉಳಿಸಿಕೊಂಡಿದೆ. ಆದ್ದರಿಂದ ನಾಡದೋಣಿಗೋ ಔಟ್‌ಬೋರ್ಡ್ ಎಂಜಿನ್ನಿನ ಸಣ್ಣ ಬೋಟಿಗೋ ಕೈ ವೈರ್‌ಲೆಸ್ ಆರಿಸುವವರು ಬೆಲೆ, ಬ್ಯಾಟರಿಗಳಿಗಿಂತ ಮೊದಲು ನೋಡಬೇಕಾದದ್ದು ಆ ಉಪಕರಣ ಯಾವ ಆವರ್ತನದಲ್ಲಿ, ಎಂದರೆ ಯಾವ ಅಲೆಯ ಮೇಲೆ, ಮಾತನಾಡುತ್ತದೆ ಎಂಬುದನ್ನು.

ಕೊಳ್ಳುವವರು ಹೆಚ್ಚಾಗಿ ದಾರಿ ತಪ್ಪುವುದು ಇಲ್ಲಿಯೇ. ಭಾರತದಲ್ಲಿ 446.0ರಿಂದ 446.2 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ ಕೆಲಸ ಮಾಡುವ, ಕಡಿಮೆ ಶಕ್ತಿಯ ವಾಕಿಟಾಕಿಗಳಿಗೆ 2018ರ ನಿಯಮಗಳು ಪರವಾನಗಿಯಿಂದ ವಿನಾಯಿತಿ ನೀಡಿವೆ. ಆದರೆ ಹಡಗು, ಬಂದರು ಹಾಗೂ ಕೋಸ್ಟ್ ಗಾರ್ಡ್ ಬಳಸುವ ಸಾಗರ ವಿಎಚ್‌ಎಫ್ ಪಟ್ಟಿ 156ರಿಂದ 162 ಮೆಗಾಹರ್ಟ್ಸ್‌ವರೆಗಿನದು. ಅಪಾಯದ ಕರೆಗೆ ಜಗತ್ತಿನಾದ್ಯಂತ ಮೀಸಲಾದ 16ನೇ ಚಾನೆಲ್ ಇರುವುದು 156.8 ಮೆಗಾಹರ್ಟ್ಸ್‌ನಲ್ಲಿ. ಹೀಗಾಗಿ ‘ಲೈಸೆನ್ಸ್ ಬೇಕಿಲ್ಲ’ ಎಂದು ಸತ್ಯವಾಗಿಯೇ ಬರೆದಿರುವ ವಾಕಿಟಾಕಿಯ ಕೂಗು ಕೋಸ್ಟ್ ಗಾರ್ಡ್‌ಗೆ ಕೇಳಿಸುವುದೇ ಇಲ್ಲ. ಸಾಗರ ಪಟ್ಟಿಯ ರೇಡಿಯೊ ಮಾರುತ್ತ ಅದೇ ಮಾತನ್ನು ಹೇಳುವ ವ್ಯಾಪಾರಿಯ ಹೇಳಿಕೆ ಕಾನೂನಿನ ದೃಷ್ಟಿಯಲ್ಲಿ ಸುಳ್ಳು. ಮೂರನೆಯದೊಂದು ಬಗೆಯೂ ಇದೆ: ಯಾವ ಆವರ್ತನಕ್ಕೆ ಬೇಕಾದರೂ ಹೊಂದಿಸಿಕೊಳ್ಳಬಹುದೆಂದು ಹೇಳಿ ಮಾರುವ ಅಗ್ಗದ ಸೆಟ್ಟುಗಳು. ಇವು 16ನೇ ಚಾನೆಲ್ಲನ್ನು ಮುಟ್ಟಬಹುದಾದರೂ ಪೊಲೀಸ್ ಮೊದಲಾದ ಇಲಾಖೆಗಳ ಸಂಪರ್ಕದೊಳಗೆ ನುಗ್ಗುವ ಅಪಾಯವಿರುವುದರಿಂದ, ಸಮುದ್ರಕ್ಕೆಂದು ತಯಾರಾಗದ ಇಂಥವನ್ನು ದೋಣಿಗೆ ತರದಿರುವುದೇ ಸರಿ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು 7 ಮಂದಿ ಮೀನುಗಾರರೊಂದಿಗೆ ಕಾಣೆಯಾಗಿ, ಅದರ ಅವಶೇಷ ಮುಂದಿನ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣದ ಕಡೆ ಪತ್ತೆಯಾದುದನ್ನು ಕಂಡ ಕರಾವಳಿಗೆ, ಸಮುದ್ರದಲ್ಲಿ ಸಂಪರ್ಕ ತಪ್ಪುವುದೆಂದರೆ ಏನೆಂದು ಬೇರೆ ಹೇಳಬೇಕಾಗಿಲ್ಲ.

ಆವರ್ತನ ಖಚಿತವಾದ ಮೇಲೆ ಉಳಿದ ಗುಣಗಳನ್ನು ತೂಗಿ ನೋಡಬಹುದು. ಕೈಯಲ್ಲಿ ಹಿಡಿಯುವ ಸಾಗರ ರೇಡಿಯೊಗಳ ಶಕ್ತಿ ಸಾಮಾನ್ಯವಾಗಿ 5 ಅಥವಾ 6 ವ್ಯಾಟ್. ದೊಡ್ಡ ಬೋಟುಗಳಲ್ಲಿ ಕೂರಿಸುವ ಸೆಟ್ಟುಗಳದು 25 ವ್ಯಾಟ್. ಆದರೆ ವಿಎಚ್‌ಎಫ್ ಅಲೆ ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಸಾಗುವುದರಿಂದ ದೂರವನ್ನು ನಿರ್ಧರಿಸುವುದು ಶಕ್ತಿಗಿಂತ ಹೆಚ್ಚಾಗಿ ಆಂಟೆನಾದ ಎತ್ತರ. ನೀರಿನ ಮಟ್ಟಕ್ಕೆ ಹತ್ತಿರ ಕೂತ ಎರಡು ದೋಣಿಗಳ ನಡುವೆ ಕೆಲವೇ ನಾಟಿಕಲ್ ಮೈಲಿ ಮಾತ್ರ ಮಾತು ದಾಟುತ್ತದೆ, ದಡದ ಎತ್ತರದ ಗೋಪುರಕ್ಕಾದರೆ ಇನ್ನಷ್ಟು ದೂರ ತಲುಪುತ್ತದೆ. ಹೀಗಿರುವಾಗ ಹತ್ತಾರು ಕಿಲೋಮೀಟರ್ ವ್ಯಾಪ್ತಿಯ ಭರವಸೆ ಕೊಡುವ ಜಾಹೀರಾತನ್ನು ಅನುಮಾನದಿಂದಲೇ ನೋಡಬೇಕು. ಐಪಿಎಕ್ಸ್ 7 ಎಂಬ ಗುರುತು ಉಪಕರಣ 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ ತಡೆಯುತ್ತದೆಂಬುದನ್ನು ಸೂಚಿಸುತ್ತದೆ, ತೇಲುತ್ತದೆಂದಲ್ಲ. ತೇಲುವ ಗುಣವನ್ನು ಬೇರೆಯಾಗಿಯೇ ಕೇಳಿ ಖಚಿತಪಡಿಸಿಕೊಳ್ಳಬೇಕು. ಕೆಂಪು ಗುಂಡಿ ಒತ್ತಿದೊಡನೆ ದೋಣಿಯ ಗುರುತನ್ನೂ ಜಿಪಿಎಸ್ ಹೇಳಿದ ಸ್ಥಳವನ್ನೂ 70ನೇ ಚಾನೆಲ್ಲಿನಲ್ಲಿ ತಾನೇ ಕಳುಹಿಸುವ ಡಿಎಸ್‌ಸಿ ಸೌಲಭ್ಯಕ್ಕೆ ಹೆಚ್ಚಿನ ಬೆಲೆ ಕೊಡುವುದು ಸಾರ್ಥಕ. ಅದಕ್ಕೆ ಎಂಎಂಎಸ್‌ಐ ಎಂಬ 9 ಅಂಕಿಗಳ ಸಂಖ್ಯೆ ಬೇಕು, ಭಾರತದ ನೌಕೆಗಳ ಸಂಖ್ಯೆ 419ರಿಂದ ಆರಂಭವಾಗುತ್ತದೆ.

ಪರವಾನಗಿ ನೀಡುವುದು ಕೇಂದ್ರ ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ಯೋಜನೆ ಮತ್ತು ಸಮನ್ವಯ ವಿಭಾಗ. ಅರ್ಜಿಯನ್ನು ‘ಸರಳ್ ಸಂಚಾರ್’ ಜಾಲತಾಣದಲ್ಲಿ ಸಲ್ಲಿಸಬೇಕು. ದೋಣಿಯ ನೋಂದಣಿ ಪತ್ರ, ಉಪಕರಣದ ಕಂಪನಿ ಮತ್ತು ಮಾದರಿ, ಅದರ ಆವರ್ತನ ಮತ್ತು ಶಕ್ತಿಯ ವಿವರಗಳನ್ನು ಮೊದಲೇ ಕೂಡಿಟ್ಟುಕೊಂಡರೆ ಓಡಾಟ ತಪ್ಪುತ್ತದೆ. ಇಟಿಎ ಎಂಬ ಮಾದರಿ ಅನುಮೋದನೆ ಉಪಕರಣದ ತಾಂತ್ರಿಕ ಯೋಗ್ಯತೆಗೆ ಸಂಬಂಧಿಸಿದ್ದು. ಅದನ್ನೇ ಬಳಕೆದಾರರ ಪರವಾನಗಿಯೆಂದು ತಿಳಿಯಬಾರದು. ಅರ್ಜಿ ಉತ್ತರವಿಲ್ಲದೆ ಉಳಿದರೆ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಅದರ ಸ್ಥಿತಿಯನ್ನು ಕೇಳಬಹುದು. 30 ದಿನಗಳೊಳಗೆ ಉತ್ತರಿಸುವುದು ಅಧಿಕಾರಿಯ ಕರ್ತವ್ಯ.

ಮಾರಾಟಗಾರರ ಹೊಣೆಯೂ ಈಗ ಸ್ಪಷ್ಟವಾಗಿದೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2025ರಲ್ಲಿ ಹೊರಡಿಸಿದ ಮಾರ್ಗಸೂಚಿಗಳ ಪ್ರಕಾರ, ಆನ್‌ಲೈನ್ ಮಾರಾಟ ತಾಣಗಳು ವಾಕಿಟಾಕಿ ಮೊದಲಾದ ರೇಡಿಯೊ ಉಪಕರಣಗಳ ಆವರ್ತನ ಪಟ್ಟಿಯನ್ನು ಪ್ರಕಟಿಸಬೇಕು, ಅನುಮೋದನೆಯನ್ನು ಪರಿಶೀಲಿಸಬೇಕು. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಈ ಪ್ರಾಧಿಕಾರಕ್ಕೆ ಅಧಿಕಾರವಿದೆ. ಮೀನುಗಾರಿಕೆ ಒಂದು ವ್ಯಾಪಾರ, ಆದ್ದರಿಂದ ಮೀನುಗಾರ ಗ್ರಾಹಕನಲ್ಲ ಎಂಬ ವಾದವನ್ನು ಅಂಗಡಿಯವರು ಮುಂದಿಟ್ಟರೆ ಹೆದರಬೇಕಾಗಿಲ್ಲ. ಸ್ವಂತ ದುಡಿಮೆಯಿಂದ ಜೀವನೋಪಾಯ ನಡೆಸುವುದಕ್ಕಾಗಿಯೇ ಕೊಂಡ ವಸ್ತು ವಾಣಿಜ್ಯ ಉದ್ದೇಶದ್ದಲ್ಲವೆಂದು ಕಾಯ್ದೆಯ 2(7)ನೇ ಕಲಮಿನ ವಿವರಣೆಯೇ ಹೇಳುತ್ತದೆ. ರಸೀದಿ, ಜಾಹೀರಾತಿನ ಚಿತ್ರ, ಪೆಟ್ಟಿಗೆಯ ಮೇಲಿನ ಬರಹಗಳನ್ನು ಜೋಪಾನವಾಗಿಟ್ಟು ಮೊದಲು 1915 ಸಹಾಯವಾಣಿಗೆ ದೂರಬಹುದು, ಫಲ ಸಿಗದಿದ್ದರೆ 2 ವರ್ಷಗಳೊಳಗೆ ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗಕ್ಕೆ ಹೋಗಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರಿಲ್ಲದೆಯೂ ವಾದಿಸಬಹುದು.

ತಪಾಸಣೆಯ ವೇಳೆ ಉಪಕರಣವನ್ನು ಪೊಲೀಸರು ವಶಪಡಿಸಿಕೊಂಡರೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮಿನಂತೆ ಶೋಧ ಮತ್ತು ಜಪ್ತಿಯನ್ನು ವಶಪಡಿಸಿಕೊಂಡ ವಸ್ತುಗಳ ಪಟ್ಟಿ ತಯಾರಿಕೆಯೂ ಸೇರಿ ವಿಡಿಯೊ ಚಿತ್ರೀಕರಿಸಬೇಕು. ಪರವಾನಗಿಯ ಪ್ರತಿಯೊಂದನ್ನು ದೋಣಿಯಲ್ಲಿ ನೀರು ತಾಗದ ಚೀಲದಲ್ಲಿ ಇಟ್ಟಿದ್ದರೆ ಈ ಪ್ರಸಂಗವೇ ಬಾರದು.

16ನೇ ಚಾನೆಲ್ ಹರಟೆಗಲ್ಲ, ಅಲ್ಲಿ ಸುಳ್ಳು ಅಪಾಯದ ಕರೆ ನೀಡುವುದನ್ನು ಅಂತರರಾಷ್ಟ್ರೀಯ ರೇಡಿಯೊ ನಿಯಮಗಳು ನಿಷೇಧಿಸುತ್ತವೆ. ಆದರೆ ಅದೇ ನಿಯಮಗಳು, ಅಪಾಯದಲ್ಲಿ ಸಿಲುಕಿದ ನೌಕೆ ನೆರವು ಕೋರಲು ತನ್ನ ಬಳಿಯಿರುವ ಯಾವ ರೇಡಿಯೊ ಸಾಧನವನ್ನಾದರೂ ಬಳಸುವುದಕ್ಕೆ ತಮ್ಮ ಯಾವ ಷರತ್ತೂ ಅಡ್ಡಿಯಾಗದೆಂದು ಸ್ಪಷ್ಟವಾಗಿ ಹೇಳಿವೆ. ಜೀವಕ್ಕೆ ಕುತ್ತು ಬಂದಾಗ ‘ಮೇಡೇ’ ಎಂದು ಮೂರು ಬಾರಿ ಕರೆದು, ದೋಣಿಯ ಹೆಸರು, ಇರುವ ಸ್ಥಳ, ಅಪಾಯದ ಸ್ವರೂಪ, ದೋಣಿಯಲ್ಲಿರುವವರ ಸಂಖ್ಯೆಯನ್ನು ತಿಳಿಸಬೇಕು. ಮೊಬೈಲ್ ಸಂಕೇತ ಸಿಗುವಷ್ಟು ದಡಕ್ಕೆ ಹತ್ತಿರವಿದ್ದರೆ ಕೋಸ್ಟ್ ಗಾರ್ಡ್‌ನ 1554 ಅಥವಾ ಕರಾವಳಿ ಕಾವಲು ಪೊಲೀಸರ 1093 ಸಂಖ್ಯೆಗೂ ಕರೆ ಮಾಡಬೇಕು.