ಹನಿ ಬಿದ್ದಲ್ಲಿ ಹಂಚು ಒಡೆದಿರುವುದಿಲ್ಲ

ಹೋದ ವರ್ಷ ಆರಿದ್ರೆ ಮಳೆ ಹಿಡಿದ ಮೂರನೇ ದಿನ. ಬೆಳಿಗ್ಗೆ ಶಾಲೆಗೆ ಹೊರಟು ಕಾರಿನ ಬಾಗಿಲು ತೆಗೆದರೆ ನೆನೆದ ಗೋಣಿಚೀಲದ ವಾಸನೆ. ಗಾಜುಗಳಿಗೆಲ್ಲ ಒಳಗಿನಿಂದ ಮಬ್ಬು ಕವಿದಿತ್ತು. ಎಡಗಡೆ ಮುಂದಿನ ಸೀಟಿನ ಕೆಳಗೆ ಕಾಲಿಡುವ ಜಾಗದಲ್ಲಿ ಮ್ಯಾಟ್ ಎತ್ತಿ ಕಾರ್ಪೆಟ್ ಮೇಲೆ ಅಂಗೈ ಒತ್ತಿದೆ. ಬೆರಳ ಸಂದಿಯಲ್ಲಿ ನೀರು ಜಿನುಗಿ ಮೇಲೆ ಬಂತು.

ಆ ಕಾರು ನನಗೆ ಸುಲಭವಾಗಿ ಬಂದದ್ದಲ್ಲ. ಮೂರು ವರ್ಷ ಚೀಟಿ ಕಟ್ಟಿ, ಹಳೆಯ ಕಾರು ಮಾರಿ ಬಂದ ದುಡ್ಡನ್ನೂ ಸೇರಿಸಿ, 3.40 ಲಕ್ಷ ರೂಪಾಯಿಗೆ ಕೊಂಡ ಏಳು ವರ್ಷ ಹಳೆಯ ಸಣ್ಣ ಪೆಟ್ರೋಲ್ ಕಾರು. ತೀರ್ಥಹಳ್ಳಿಯಿಂದ ಆಗುಂಬೆ ರಸ್ತೆಯ ಒಂದು ಹಳ್ಳಿ ಶಾಲೆಗೆ ದಿನಾ ಹೋಗಿಬರುವವಳು ನಾನು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುತ್ತದೆ. ನಮ್ಮ ಕಡೆ ಕಾರಿನೊಳಗೆ ನೀರು ಬರತೊಡಗಿದರೆ ನಾಲ್ಕು ತಿಂಗಳು ಅದು ಒಣಗುವ ಮಾತೇ ಇಲ್ಲ. ಮಬ್ಬುಗಟ್ಟಿದ ಗಾಜನ್ನು ಒಂದು ಕೈಯಲ್ಲಿ ಒರೆಸಿಕೊಳ್ಳುತ್ತಾ ಆ ತಿರುವುಗಳಲ್ಲಿ ಗಾಡಿ ಓಡಿಸುವುದು ಎಷ್ಟು ಅಪಾಯ ಎಂದು ಆ ರಸ್ತೆಯಲ್ಲಿ ಓಡಾಡುವವರಿಗೆ ಗೊತ್ತು.

ಮೊದಲು ಛತ್ರಿಯಿಂದ ಇಳಿದ ನೀರು ಎಂದುಕೊಂಡೆ. ಛತ್ರಿಯನ್ನು ಬಕೆಟ್ಟಿನಲ್ಲಿ ಇಡತೊಡಗಿದ ಮೇಲೂ ಕಾರ್ಪೆಟ್ ಒದ್ದೆಯಾಯಿತು. ವಾಸನೆ ಹೋಗಲೆಂದು ಒಳಗೆಲ್ಲ ಡ್ರೈ ಕ್ಲೀನಿಂಗ್ ಮಾಡಿಸಿದೆ, 1,800 ರೂಪಾಯಿ. ವಾರದೊಳಗೆ ವಾಸನೆ ಮತ್ತೆ ಬಂತು. ಶಿವಮೊಗ್ಗದ ಸರ್ವಿಸ್ ಸೆಂಟರಿಗೆ ಒಯ್ದೆ. ಅಲ್ಲಿನವರು ಒಂದು ಸುತ್ತು ಹಾಕಿ ನೋಡಿ, ‘ಡೋರ್ ಬೀಡಿಂಗ್ ಹಳತಾಗಿದೆ ಮೇಡಂ, ನಾಲ್ಕೂ ಬದಲಾಯಿಸಿಬಿಡಿ. ಆಮೇಲೂ ನಿಲ್ಲದಿದ್ದರೆ ಮುಂದಿನ ಗ್ಲಾಸ್ ಬಿಚ್ಚಿ ಹೊಸದಾಗಿ ಪೇಸ್ಟ್ ಮಾಡೋಣ’ ಎಂದರು. ನಾಲ್ಕು ಬಾಗಿಲಿನ ರಬ್ಬರ್, ಕೂಲಿ, ತೆರಿಗೆ ಎಲ್ಲ ಸೇರಿ 9,850 ರೂಪಾಯಿ ಕೊಟ್ಟು ಬಂದೆ. ಪುನರ್ವಸು ಮಳೆಯ ಮೊದಲ ರಾತ್ರಿಯೇ ಎಡಗಡೆ ನೀರು ನಿಂತಿತ್ತು. ಈ ಬಾರಿ ಹಿಂದಿನ ಸೀಟಿನ ಬಲಗಡೆಯೂ ಒದ್ದೆ.

ಅವರು ಕಳಪೆ ರಬ್ಬರ್ ಹಾಕಿದ್ದರೆಂದು ನಾನು ಹೇಳಲಾರೆ. ನೀರು ಎಲ್ಲಿಂದ ಬರುತ್ತಿದೆ ಎಂದು ಅವರು ನೋಡಿರಲಿಲ್ಲ, ತೋರಿಸಿ ಎಂದು ನಾನೂ ಕೇಳಿರಲಿಲ್ಲ. ಆ 9,850 ರೂಪಾಯಿ ಒಂದು ಊಹೆಗೆ ತೆತ್ತ ಬೆಲೆ. ಇಪ್ಪತ್ತು ವರ್ಷ ಮನೆಯ ಲೆಕ್ಕ ಬರೆದ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ನಿದ್ದೆ ಬಾರದೆ ಮಲಗಿದ್ದಾಗ ನೆನಪಾದವರು ಅಪ್ಪ. ನಮ್ಮದು ಹಂಚಿನ ಮನೆ. ಸೋರತೊಡಗಿದರೆ ಅಮ್ಮ ಹನಿ ಬೀಳುವಲ್ಲಿ ಪಾತ್ರೆ ಇಡುತ್ತಿದ್ದಳು. ಅಪ್ಪ ಆ ಪಾತ್ರೆಯ ನೇರಕ್ಕಿದ್ದ ಹಂಚನ್ನು ಎಂದೂ ತೆಗೆಯುತ್ತಿರಲಿಲ್ಲ. ಮಳೆ ಜೋರಾಗಿ ಹೊಯ್ಯುವಾಗಲೇ ಟಾರ್ಚು, ಸೀಮೆಸುಣ್ಣ ಹಿಡಿದು ಅಟ್ಟ ಹತ್ತುತ್ತಿದ್ದರು. ನೀರಿನ ಗೆರೆ ಪಕಾಸಿನ ಮೇಲೆ ಎಲ್ಲಿಂದ ಇಳಿದು ಬಂದಿದೆ ಎಂದು ಹಿಂದೆ ಹಿಂದೆ ಹೋಗಿ, ಮೂರ್ನಾಲ್ಕು ಮಾರು ಮೇಲೆ, ಬಿರುಕು ಬಿಟ್ಟ ಹಂಚಿನ ಅಡಿಗೆ ಗುರುತು ಹಾಕಿ ಇಳಿಯುತ್ತಿದ್ದರು. ಹೊಳವಾದ ದಿನ ಆ ಒಂದು ಹಂಚು ಬದಲಾಗುತ್ತಿತ್ತು. ಅಡುಗೆಮನೆಯಲ್ಲಿ ಹನಿ ಬೀಳುತ್ತಿದ್ದರೂ ಒಡೆದ ಹಂಚು ಎಷ್ಟೋ ಸಲ ಜಗಲಿಯ ಕಡೆಗಿರುತ್ತಿತ್ತು.

ಕಾರೂ ಹಾಗೆಯೇ. ನೀರು ಒಂದು ಕಡೆ ಒಳಗೆ ಬಂದು ತಗಡಿನ ಮಡಿಕೆ, ವೈರಿನ ಕಟ್ಟು, ಕಂಬದ ಒಳಮೈ ಹಿಡಿದು ಹರಿದು ತಗ್ಗಿದ್ದಲ್ಲಿ ನಿಲ್ಲುತ್ತದೆ. ಕಾರ್ಪೆಟ್ಟಿನ ಅಡಿಯಲ್ಲಿ ಇರುವ ದಪ್ಪ ಸ್ಪಂಜು ಅದನ್ನು ಹೀರಿ ಪಕ್ಕಕ್ಕೂ ಹಬ್ಬಿಸುತ್ತದೆ. ಒದ್ದೆಯಾದ ಜಾಗ ನೋಡಿ ಕಾರಣ ಹೇಳುವವರನ್ನು ನಂಬಬಾರದು.

ಮರುದಿನ ಊರಿನ ಹಿರಿಯ ಮೆಕ್ಯಾನಿಕ್ ಒಬ್ಬರ ಶೆಡ್ಡಿಗೆ ಹೋದೆ. ಅವರ ಮಾತು ನೇರ: ‘ಟೀಚರೇ, ನೀರು ಬರೋ ಜಾಗ ಕಾಣದೆ ನಾನು ಸ್ಪ್ಯಾನರ್ ಮುಟ್ಟಲ್ಲ. ಹುಡುಕೋಕೆ ಅರ್ಧ ದಿನ ಬೇಕು, ಅಷ್ಟು ಹೊತ್ತು ನನ್ನ ಹತ್ರ ಇಲ್ಲ. ನೀವೇ ಮನೇಲಿ ಹುಡುಕಿ ಗುರುತು ಹಾಕ್ಕೊಂಡು ಬನ್ನಿ.’ ಹೇಗೆ ಹುಡುಕಬೇಕು ಎಂದು ಹತ್ತು ನಿಮಿಷ ನಿಂತು ಹೇಳಿಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ.

ಮೊದಲು ಅದು ಮಳೆ ನೀರೇ ಹೌದೇ ಎಂದು ಖಚಿತ ಮಾಡಿಕೊಳ್ಳಬೇಕು. ಎಸಿ ಹಾಕಿದಾಗ ಒಳಗೆ ಕಟ್ಟುವ ನೀರು ಒಂದು ಸಣ್ಣ ಕೊಳವೆಯಲ್ಲಿ ಕಾರಿನ ಅಡಿಗೆ ತೊಟ್ಟಿಕ್ಕಿ ಹೋಗುತ್ತದೆ. ಆ ಕೊಳವೆ ಕಟ್ಟಿದರೆ ಅದೇ ನೀರು ಎಡಗಡೆ ಕಾಲಿನ ಬಳಿ ಸುರಿಯುತ್ತದೆ. ಮಳೆಯಿಲ್ಲದ ದಿನ ಎಸಿ ಹಾಕಿ ಓಡಿಸಿದಾಗಲೂ ಒದ್ದೆಯಾದರೆ ಅನುಮಾನ ಅದರ ಮೇಲೆ. ನೀರು ಬಣ್ಣವಾಗಿ, ಅಂಟಂಟಾಗಿ, ಸಿಹಿ ವಾಸನೆ ಬಂದರೆ ಅದು ಎಂಜಿನ್ ತಣಿಸುವ ಕೂಲೆಂಟ್. ಆಗ ತಡಮಾಡದೆ ಗ್ಯಾರೇಜಿಗೆ ಹೋಗಬೇಕು. ನಮ್ಮದು ತಿಳಿನೀರು. ನಾನು ಎಸಿ ಹಾಕುತ್ತಲೂ ಇರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಮಳೆ ಬಿಟ್ಟಿತು. ಪಿಯುಸಿ ಓದುವ ಮಗಳು ಮೊಬೈಲ್ ಟಾರ್ಚು ಹಿಡಿದು ಒಳಗೆ ಕೂತಳು. ನಾನು ಹೊರಗೆ ತೋಟಕ್ಕೆ ನೀರು ಬಿಡುವ ಪೈಪು ಹಿಡಿದು ನಿಂತೆ. ಒಳಗೆ ಕಾರ್ಪೆಟ್ಟಿನ ಅಂಚು ಎತ್ತಿ, ತಗಡನ್ನು ಹಳೆ ಬಟ್ಟೆಯಲ್ಲಿ ಒರೆಸಿ, ಒಣ ಪತ್ರಿಕೆ ಹಾಸಿದೆವು. ಬಾಗಿಲಿನ ಕೆಳ ಅಂಚಿಗೂ ಕಂಬದ ಬುಡಕ್ಕೂ ಮುಖಕ್ಕೆ ಹಾಕುವ ಪೌಡರ್ ಉದುರಿಸಿದೆವು. ನೀರು ಹರಿದರೆ ಪೌಡರಿನ ಮೇಲೆ ಗೆರೆ ಮೂಡುತ್ತದೆ. ಮೆಕ್ಯಾನಿಕ್ ಒತ್ತಿ ಹೇಳಿದ್ದು ಎರಡು ಮಾತು. ಪೈಪಿನ ಬಾಯಿ ಒತ್ತಿ ಚಿಮ್ಮಿಸಬಾರದು, ಮಳೆಯ ಹಾಗೆ ಮೆಲ್ಲಗೆ ಬಿಡಬೇಕು. ಮತ್ತು ಕೆಳಗಿನಿಂದ ಶುರುಮಾಡಿ ಮೇಲಕ್ಕೆ ಹೋಗಬೇಕು. ಮೇಲಿನಿಂದ ಬಿಟ್ಟರೆ ಇಡೀ ಕಾರು ನೆನೆದು ಯಾವ ಸಂದಿಯಿಂದ ಬಂತೆಂದು ತಿಳಿಯುವುದೇ ಇಲ್ಲ. ಒಂದೊಂದು ಜಾಗಕ್ಕೂ ಹತ್ತು ನಿಮಿಷ.

ಎಡಗಡೆ ಬಾಗಿಲಿನ ಅಂಚಿಗೆ ಬಿಟ್ಟೆ, ಒಳಗೆ ಏನೂ ಇಲ್ಲ. ಹೊಸ ಬೀಡಿಂಗಿನ ಮೇಲೆ ಬಿಟ್ಟೆ, ಇಲ್ಲ. ವೈಪರ್‌ಗಳ ಬುಡದಲ್ಲಿ, ಮುಂದಿನ ಗಾಜು ಮುಗಿದು ಬಾನೆಟ್ ಶುರುವಾಗುವಲ್ಲಿ ಒಂದು ಕಪ್ಪು ಪ್ಲಾಸ್ಟಿಕ್ ಜಾಲರಿ ಇರುತ್ತದಲ್ಲ, ಅಲ್ಲಿ ಬಿಟ್ಟೆ. ಐದಾರು ನಿಮಿಷ ಕಳೆದಿರಬೇಕು. ‘ಅಮ್ಮಾ, ಬಂತು! ಡ್ಯಾಶ್‌ಬೋರ್ಡ್ ಅಡಿಯಿಂದ ಬರ್ತಿದೆ!’ ಎಂದು ಮಗಳು ಕೂಗಿದಳು. ಅಷ್ಟು ದಿನ ಕಾಡಿದ್ದು ಕಣ್ಣೆದುರು ಕಂಡಾಗ ಆದ ಸಮಾಧಾನವನ್ನು ನಾನು ಮರೆಯಲಾರೆ.

ಆ ಜಾಲರಿಯನ್ನು ಗ್ಯಾರೇಜಿನವರು ಕೌಲ್ ಎನ್ನುತ್ತಾರೆ. ಅದರಡಿ ಒಂದು ಕಾಲುವೆಯಿದೆ, ಸೂರಿನಡಿ ಕಟ್ಟುವ ಅಡಿಕೆ ಮರದ ದೋಣಿಯ ಹಾಗೆ. ಗಾಜಿನ ಮೇಲಿಂದ ಇಳಿದ ಮಳೆ ನೀರೆಲ್ಲ ಅದರಲ್ಲಿ ಸೇರಿ, ಎರಡೂ ತುದಿಯ ತೂತುಗಳಿಂದ ಚಕ್ರದ ಹಿಂದೆ ನೆಲಕ್ಕೆ ಬೀಳುತ್ತದೆ. ಕಾರಿನೊಳಕ್ಕೆ ಗಾಳಿ ಎಳೆದುಕೊಳ್ಳುವ ಬಾಯಿ ಇರುವುದೂ ಅಲ್ಲೇ. ನಮ್ಮ ಕಾರಿನಲ್ಲಿ ಅದು ಎಡಗಡೆ. ತೂತು ಕಟ್ಟಿದರೆ ನೀರು ಕಾಲುವೆಯಲ್ಲಿ ಏರಿ, ಆ ಬಾಯಿಂದ ಬ್ಲೋಯರ್‌ಗೆ, ಅಲ್ಲಿಂದ ಕಾರ್ಪೆಟ್ಟಿಗೆ ಇಳಿಯುತ್ತದೆ. ಶಾಲೆಯ ಅಂಗಳದಲ್ಲಿ ನಾನು ಕಾರು ನಿಲ್ಲಿಸುತ್ತಿದ್ದದ್ದು ನೆಲ್ಲಿ ಮರದ ಕೆಳಗೆ. ಹಲಸಿನ ಎಲೆಯಾಗಿದ್ದರೆ ಜಾಲರಿಯ ಮೇಲೇ ಉಳಿಯುತ್ತಿತ್ತು. ಬೇಸಿಗೆಯಲ್ಲಿ ಉದುರುವ ನೆಲ್ಲಿಯ ಸಣ್ಣ ಎಲೆ ಕಣ್ಣುಗಳಲ್ಲಿ ನುಸುಳಿ ಒಳಗೆ ಸೇರಿ ಕೊಳೆತು ಗೊಬ್ಬರವಾಗಿತ್ತು. ಜಾಲರಿ ಬಿಚ್ಚಿದಾಗ ಮೆಕ್ಯಾನಿಕ್ ಎರಡು ಬೊಗಸೆ ಕಪ್ಪು ಮಣ್ಣು ತೆಗೆದರು.

ಹಿಂದಿನ ಬಲಗಡೆಯದು ಬೇರೆಯೇ ಸೋರಿಕೆ. ಇದು ನನಗೆ ಹೊಸ ತಿಳಿವಳಿಕೆ: ಬಾಗಿಲಿನೊಳಗೆ ಮಳೆ ನೀರು ಹೋಗುವುದು ಸಹಜ. ಏರಿಳಿಯುವ ಗಾಜಿನ ಪಕ್ಕದ ಪಟ್ಟಿ ಎಲ್ಲ ನೀರನ್ನೂ ತಡೆಯುವುದಿಲ್ಲ. ಬಾಗಿಲಿನ ಹೊಟ್ಟೆಗೆ ಇಳಿದ ನೀರು ತಳದ ತೂತುಗಳಿಂದ ಹೊರಬೀಳಬೇಕು, ಒಳಬದಿಗೆ ಬರದಂತೆ ಅಲಂಕಾರದ ಹಲಗೆಯ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆಯನ್ನು ಅಂಟಿಸಿರುತ್ತಾರೆ. ನನಗಿಂತ ಮೊದಲು ಕಾರು ಇಟ್ಟುಕೊಂಡಿದ್ದವರು ಸ್ಪೀಕರ್ ಹಾಕಿಸುವಾಗ ಆ ಹಾಳೆಯನ್ನು ಹರಿದು ಹಾಗೇ ಬಿಟ್ಟಿದ್ದರು. ತಳದ ತೂತುಗಳಲ್ಲಿ ಕೆಸರು ಗಟ್ಟಿಯಾಗಿತ್ತು. ಹೊರಗಿನ ಬೀಡಿಂಗನ್ನು ಹತ್ತು ಸಲ ಬದಲಾಯಿಸಿದ್ದರೂ ಈ ನೀರು ನಿಲ್ಲುತ್ತಿರಲಿಲ್ಲ.

ಸನ್‌ರೂಫ್ ಇರುವ ಕಾರಿನಲ್ಲಿ ಇನ್ನೊಂದು ದಾರಿಯಿದೆ. ಅದರ ಚೌಕಟ್ಟಿನ ಮೂಲೆಗಳಿಂದ ಸಣ್ಣ ಕೊಳವೆಗಳು ಕಂಬಗಳ ಒಳಗೆ ಇಳಿದು ನೀರನ್ನು ಹೊರಗೆ ಬಿಡುತ್ತವೆ. ಅವು ಕಟ್ಟಿದರೆ ನೀರು ಚಾವಣಿಯ ಬಟ್ಟೆ ನೆನೆಸಿ ಇಳಿಯುತ್ತದೆ. ಗಟ್ಟಿ ತಂತಿ ತೂರಿಸಿ ಬಿಡಿಸಲು ಹೋಗಬೇಡಿ, ಕೊಳವೆ ಒಳಗೇ ಕಳಚಿಕೊಂಡರೆ ಚಾವಣಿ ಬಿಚ್ಚಬೇಕಾಗುತ್ತದೆ. ಹಾರ್ಡ್‌ವೇರ್ ಅಂಗಡಿಯ ಸಿಲಿಕೋನ್ ತಂದು ಕಂಡ ಸಂದಿಗೆಲ್ಲ ಬಳಿಯುವುದೂ ಬೇಡ. ನೀರು ಹೊರಹೋಗುವ ದಾರಿಯೇ ಮುಚ್ಚಿಹೋಗುತ್ತದೆ. ವಿನೆಗರ್ ವಾಸನೆಯ ಸಿಲಿಕೋನ್ ಆದರೆ ತಗಡಿಗೆ ತುಕ್ಕನ್ನೂ ಹಿಡಿಸುತ್ತದೆ.

ಈಗ ಲೆಕ್ಕ. ಕೌಲ್ ಬಿಚ್ಚಿ ತೊಳೆದು, ಬಾಗಿಲಿನ ಹಲಗೆ ತೆಗೆದು ಹೊಸ ಹಾಳೆ ಕೂರಿಸಿದ ಕೂಲಿ 900 ರೂಪಾಯಿ. ಅಂಟು ಪಟ್ಟಿ, ಹಾಳೆ 250. ಮುರಿದ ಕ್ಲಿಪ್ಪುಗಳು 180. ಸೀಟಿನ ಅಡಿಯ ಕನೆಕ್ಟರ್ ಹಸಿರುಗಟ್ಟಿ ಏರ್‌ಬ್ಯಾಗ್ ದೀಪ ಹತ್ತಿಕೊಂಡಿತ್ತು, ಅದನ್ನು ಸರಿಪಡಿಸಲು 1,400. ಒಟ್ಟು 2,730 ರೂಪಾಯಿ. ಅದಕ್ಕೂ ಮುಂಚೆ ಊಹೆಗಳ ಮೇಲೆ ಸುರಿದದ್ದು 11,650. ಆ ಏರ್‌ಬ್ಯಾಗ್ ಖರ್ಚು ಸಹ ತಡಮಾಡಿದ್ದಕ್ಕೆ ಬಂದದ್ದು. ಮೊದಲ ವಾರವೇ ಪೈಪು ಹಿಡಿದಿದ್ದರೆ 1,330 ರೂಪಾಯಿಯಲ್ಲಿ ಮುಗಿಯುತ್ತಿತ್ತು. ಕಾರ್ಪೆಟ್ಟಿನಡಿಯ ಸ್ಪಂಜು ಹಿಂಡಿದರೆ ಅರ್ಧ ಬಕೆಟ್ ನೀರು ಬಂತು. ಬಿಸಿಲಿಲ್ಲದ ಕಾಲ, ಬಚ್ಚಲ ಒಲೆಯ ಕಾವು ತಾಗುವಷ್ಟು ದೂರದಲ್ಲಿ ಹಗ್ಗ ಕಟ್ಟಿ ನಾಲ್ಕು ದಿನ ಒಣಗಿಸಿದೆವು. ಹೀಗೆ ಒಣಗಿಸದಿದ್ದರೆ ಸೋರಿಕೆ ನಿಂತ ಮೇಲೂ ತಳದ ತಗಡು ತುಕ್ಕು ಹಿಡಿಯುತ್ತದೆ.

ವಿಮೆಯ ಮಾತು ಹೇಳದಿದ್ದರೆ ಈ ಅಂಕಣ ಪೂರ್ತಿಯಾಗುವುದಿಲ್ಲ. ಗಾಜು ಬಿಚ್ಚುವ ಪ್ರಸ್ತಾಪ ಬಂದಾಗ ಸರ್ವಿಸ್ ಸೆಂಟರಿನ ಒಬ್ಬರು, ‘ಗ್ಲಾಸ್ ಒಡೆದಿದೆ ಅಂತ ಕ್ಲೇಮ್ ಹಾಕಿಬಿಡೋಣ ಮೇಡಂ’ ಎಂದಿದ್ದರು. ಒಡೆಯದ ಗಾಜನ್ನು ಒಡೆದಿದೆ ಎನ್ನುವುದು ವಂಚನೆ. ನಾನು ಒಪ್ಪಲಿಲ್ಲ. ನೆರೆ ನೀರು ಕಾರಿಗೆ ನುಗ್ಗಿದರೆ ಸಮಗ್ರ ವಿಮೆ ಪರಿಹಾರ ಕೊಡುತ್ತದೆ. ಹಳೆಯದಾಗಿ ಸವೆದು, ಕಸ ಕಟ್ಟಿ, ದಿನದಿನವೂ ಸೋರಿದ್ದಕ್ಕೆ ಕೊಡುವುದಿಲ್ಲ. ಕೊಡುವ ಸಂದರ್ಭದಲ್ಲೂ ಸಣ್ಣ ಮೊತ್ತಕ್ಕೆ ಕ್ಲೇಮ್ ಮಾಡುವ ಮುಂಚೆ ನೋ ಕ್ಲೇಮ್ ಬೋನಸ್ ಲೆಕ್ಕ ಹಾಕಿ. ಅದು ಕಾರಿಗಲ್ಲ, ಮಾಲೀಕರಿಗೆ ಸೇರಿದ್ದು. ಹಳೆಯ ಕಾರಿನಲ್ಲಿ ಮೂರು ವರ್ಷ ಕ್ಲೇಮ್ ಮಾಡದೆ ಗಳಿಸಿದ 35% ರಿಯಾಯಿತಿಯನ್ನು ನಾನು ಈ ಕಾರಿಗೆ ತಂದುಕೊಂಡಿದ್ದೆ. ಕ್ಲೇಮ್ ಇಲ್ಲದಿದ್ದರೆ ಅದು ಮುಂದೆ 45%, ಆಮೇಲೆ 50% ಆಗುತ್ತದೆ. ಒಂದು ಕ್ಲೇಮ್ ಮಾಡಿದರೆ ಸೊನ್ನೆಗೆ ಇಳಿದು, ಮತ್ತೆ 20, 25, 35, 45 ಎಂದು ಮೆಟ್ಟಿಲು ಹತ್ತಬೇಕು. ಸ್ವಂತ ಹಾನಿಯ ಭಾಗದ ಪ್ರೀಮಿಯಂ ವರ್ಷಕ್ಕೆ 6,000 ರೂಪಾಯಿ ಎಂದಿಟ್ಟುಕೊಂಡರೆ, ಮುಂದಿನ ಐದು ನವೀಕರಣಗಳಲ್ಲಿ ಕಳೆದುಕೊಳ್ಳುವುದು 2,700, 1,800, 1,500, 900, 300, ಒಟ್ಟು 7,200. ಇದರ ಮೇಲೆ 1,500 ಸಿಸಿವರೆಗಿನ ಕಾರಿಗೆ ಪ್ರತಿ ಕ್ಲೇಮಿನಲ್ಲೂ 1,000 ರೂಪಾಯಿ ನಮ್ಮ ಕೈಯಿಂದ. ಅಂದರೆ 8,200 ರೂಪಾಯಿಗಿಂತ ಕಡಿಮೆಯ ದುರಸ್ತಿಗೆ ನಾನು ವಿಮೆಯ ಬಾಗಿಲು ತಟ್ಟುವುದಿಲ್ಲ. ನಿಮ್ಮ ಪಾಲಿಸಿ ತೆಗೆದು ನಿಮ್ಮ ಅಂಕಿ ಹಾಕಿ ನೋಡಿ.

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರಲ್ಲಿ ಒಂದು ಕೋರಿಕೆ. ಬಣ್ಣ, ಟೈರು ನೋಡುವಷ್ಟೇ ಗಮನವಿಟ್ಟು ಒಳಗಿನ ಕಾರ್ಪೆಟ್ಟಿನ ಮೂಲೆ ಎತ್ತಿ ನೋಡಿ, ಸ್ಟೆಪ್ನಿ ಚಕ್ರ ತೆಗೆದು ಅದರ ಗುಂಡಿಯಲ್ಲಿ ನೀರಿನ ಕಲೆಯಿದೆಯೇ ಪರೀಕ್ಷಿಸಿ, ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ಕೊನೆಯಲ್ಲಿ ಕೆಸರಿನ ಗೆರೆಯಿದೆಯೇ ಗಮನಿಸಿ. ಒಳಗೆ ಅತಿಯಾದ ಸುಗಂಧ ತುಂಬಿದ್ದರೆ ಅನುಮಾನಪಡಿ. ನಾನು ಕೊಳ್ಳುವಾಗ ಮ್ಯಾಟ್ ಕೂಡ ಎತ್ತಿರಲಿಲ್ಲ.

ಈ ವರ್ಷ ಕಾರನ್ನು ನೆಲ್ಲಿ ಮರದಿಂದ ದೂರ ನಿಲ್ಲಿಸುತ್ತಿದ್ದೇನೆ. ಮೇ ಕೊನೆಯಲ್ಲಿ ಬಾನೆಟ್ ಎತ್ತಿ ವೈಪರ್ ಬುಡದ ಕಸ ತೆಗೆದು, ಒಂದು ಚೊಂಬು ನೀರು ಹೊಯ್ದು ಎರಡೂ ಕಡೆ ಚಕ್ರದ ಹಿಂದೆ ಬೀಳುತ್ತದೆಯೇ ನೋಡಿಕೊಂಡೆ. ಹತ್ತು ನಿಮಿಷ ಹಿಡಿಯಿತು. ನೀವೂ ಮೃಗಶಿರ ಮಳೆ ಬರುವ ಮೊದಲು ಒಮ್ಮೆ ಮಾಡಿ. ಆಮೇಲೂ ಸೋರಿದರೆ, ಬಿಡಿಭಾಗ ಬದಲಾಯಿಸಲು ಒಪ್ಪುವ ಮೊದಲು ನೀರು ಒಳಬರುವ ಜಾಗವನ್ನು ತೋರಿಸಿ ಎಂದು ಗ್ಯಾರೇಜಿನವರನ್ನು ಕೇಳಿ.